ಬಿಚ್ಚಿಟ್ಟ ಕೀಬೋರ್ಡು

ಕೀಬೋರ್ಡಿನ ವೈರು ಬಿಚ್ಚಿದ್ದು ಬಿಚ್ಚಿದ ಹಾಗೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಎಕ್ಸ್‌ಪರ್ಟ್ ಈ ಮಾತನ್ನು ದಿನಕ್ಕೊಮ್ಮೆಯಾದರೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಹೇಳಿಕೊಂಡು ನಿಟ್ಟುಸಿರು ಬಿಡುವ ಹೊತ್ತಿಗೆ ಕೈಯಲ್ಲಿದ್ದ ಬೀಗದ ಕೈ ಮೇಲೆ ಉಜ್ಜುವ ಅರ ಎರಡು ಸಲ ಹೆಚ್ಚಿಗೆ ಓಡಿ, ಅದು ಯಾವ ಬೀಗಕ್ಕೂ ಆಗದ ಕೈಯಾಗಿಬಿಡುತ್ತದೆ.

ಅವನ ಕಸುಬು ಬೀಗ ರಿಪೇರಿ. ಬೀದಿಯ ತಿರುವಿನಲ್ಲಿ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಕೆಮ್ಮಲು ಹೊರಗೆ ಹೋಗಬೇಕು. ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆಯ ಪೆಟ್ಟು ತಿಂದು ತಿಂದು ಕಾಯಂ ಕಪ್ಪಾಗಿದೆ. ಇಂಥ ಮನುಷ್ಯನಿಗೆ ಎಕ್ಸ್‌ಪರ್ಟ್ ಎಂಬ ಹೆಸರು ಬಂದದ್ದು ಬೀಗದಿಂದಲ್ಲ, ಗೋಡೆಯ ಸ್ವಿಚ್ಚಿನಿಂದ.

ಎದುರು ಮನೆಯ ನರ್ಸಮ್ಮನ ಕಂಪ್ಯೂಟರ್ ಒಂದು ದಿನ ಆನ್ ಆಗಲಿಲ್ಲ. ಆಕೆ ಕಿಟಕಿಯಿಂದ ಕೂಗಿದರು, ಇವನು ಹೋದ. ನೋಡಿದರೆ ಗೋಡೆಯ ಸ್ವಿಚ್ಚೇ ಆಫ್ ಆಗಿದೆ. ಬೇರೆ ಯಾರಾದರೂ ಆಗಿದ್ದರೆ "ಅಮ್ಮಾ, ಸ್ವಿಚ್ ಹಾಕಿಲ್ಲ" ಎಂದು ಹೇಳಿ ಬರುತ್ತಿದ್ದರು. ಇವನು ಯಂತ್ರದ ಸುತ್ತ ಒಂದು ಸುತ್ತು ಬಂದ, ಎರಡು ಸಲ "ಹೂಂ" ಅಂದ, ಕುಡಿಯಲು ನೀರು ಕೇಳಿದ. ನರ್ಸಮ್ಮ ಅಡುಗೆಮನೆಗೆ ಹೋದ ಮೇಲೆ ಸ್ವಿಚ್ ಒತ್ತಿದ. ನೀರು ಬರುವ ಹೊತ್ತಿಗೆ ಪರದೆ ಬೆಳಗುತ್ತಿತ್ತು. ಇವನು ಹಣೆ ಒರೆಸಿಕೊಳ್ಳುತ್ತಿದ್ದ.

"ಎಂಥಾ ಎಕ್ಸ್‌ಪರ್ಟೋ ಮಾರಾಯ ನೀನು!" ಎಂದರು ನರ್ಸಮ್ಮ. ಅಷ್ಟೇ. ಸಂಜೆಯ ಹೊತ್ತಿಗೆ ಅವನ ಹೆತ್ತವರು ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮಾತಾಡದ ರೇಡಿಯೋ, ಬಿ.ಪಿ. ನೋಡುವ ಯಂತ್ರ, ನೀರಿಗೆ ಬಿದ್ದ ಫೋನು ಎಲ್ಲವೂ ಬೀಗದ ಅಂಗಡಿಗೆ ಬರತೊಡಗಿದವು. ಎಲ್ಲಕ್ಕೂ ಅವನದು ಒಂದೇ ಔಷಧ: "ಒಳಗಡೆ ಸ್ವಲ್ಪ ಪ್ರಾಬ್ಲಮ್ ಇದೆ. ಎರಡು ದಿನ ಸುಮ್ನೆ ಇಟ್ಟು ನೋಡೋಣ." ಅರ್ಧಕ್ಕರ್ಧ ತಾವಾಗಿ ಸರಿಹೋಗುತ್ತಿದ್ದವು. ಮನುಷ್ಯ ಕೆಡುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ನರ್ಸಮ್ಮನ ಕಂಪ್ಯೂಟರಿನಲ್ಲಿ ಇದ್ದದ್ದಾದರೂ ಏನು? ಮೂವತ್ತನಾಲ್ಕು ವರ್ಷ ಆಕೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವರು. ಆಸ್ಪತ್ರೆಯ ಮುಖ ಕಾಣದ ಹೆರಿಗೆಗಳು. ವರ್ಷಕ್ಕೊಂದರಂತೆ ಮೂವತ್ತನಾಲ್ಕು ದಪ್ಪ ಪುಸ್ತಕ. ತಾಯಿಯ ಹೆಸರು, ತಾರೀಖು, ಹುಟ್ಟಿದ ಹೊತ್ತು, ಮಗುವಿನ ತೂಕ, ಕೊನೆಗೆ ಷರಾ ಎಂದು ಒಂದೆರಡು ಮಾತು. ಅರ್ಧ ಊರು ಹುಟ್ಟಿದ್ದು ಯಾವಾಗ ಎನ್ನುವುದಕ್ಕೆ ಬೇರೆ ದಾಖಲೆ ಇರಲಿಲ್ಲ. ಎರಡು ವರ್ಷದ ಹಿಂದೆ ಪುಸ್ತಕಗಳಿಗೆ ಹುಳು ಹಿಡಿಯಿತೆಂದು ನರ್ಸಮ್ಮ ಒಂದೊಂದೇ ಪುಟದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರು. ಪುಟ ಮಡಚದ ಹಾಗೆ ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದವನು ಎಕ್ಸ್‌ಪರ್ಟ್. ಹದಿನೈದು ದಿನ ಹಿಡಿದಿದ್ದ, ಪಾಪ. ಅಲ್ಲಿಗೆ ಸುಮ್ಮನಿದ್ದರೆ ಪುಣ್ಯ ಬರುತ್ತಿತ್ತು.

"ಇನ್ನು ಈ ಧೂಳಿನ ಮೂಟೆ ಯಾಕಮ್ಮ ಮನೇಲಿ? ಎಲ್ಲಾ ಸೇಫಾಗಿ ಒಳಗೆ ಕೂತಿದೆ" ಅಂದ.

"ಇರ್ಲಿ ಬಿಡೋ, ಮೂಲೇಲಿ ಬಿದ್ದಿರತ್ತೆ."

"ಕಂಪ್ಯೂಟರ್ ಇರೋರು ಕಾಗದ ಇಟ್ಕೊಂಡ್ರೆ ನಾಲ್ಕು ಜನ ನಗ್ತಾರಮ್ಮ."

ಮೂಟೆ ಕಟ್ಟಿ, ಹೆಗಲ ಮೇಲೆ ಹೊತ್ತು, ರದ್ದಿ ಅಂಗಡಿಗೆ ಹಾಕಿ ಬಂದವನೂ ಅವನೇ.

ಹೀಗಿರುವಾಗ ಹಾಸ್ಟೆಲಿನ ಅಡುಗೆಯಾಕೆ ಒಂದು ಬೆಳಿಗ್ಗೆ ಅಳುತ್ತಾ ಬಂದಳು. ಹನ್ನೊಂದು ವರ್ಷದಿಂದ ದಿನಗೂಲಿಯಲ್ಲಿ ಇನ್ನೂರು ಮಕ್ಕಳಿಗೆ ಅನ್ನ ಬೇಯಿಸಿದವಳು. ಈಗ ಕೆಲಸ ಕಾಯಂ ಮಾಡುತ್ತಾರಂತೆ, ಆದರೆ ವಯಸ್ಸು ನಲವತ್ತು ದಾಟಿರಬಾರದಂತೆ. ಅವಳ ಗುರುತಿನ ಚೀಟಿಯಲ್ಲಿ ಯಾರೋ ಮುಖ ನೋಡಿ ಅಂದಾಜಿನ ಮೇಲೆ ನಲವತ್ತಮೂರು ಎಂದು ಬರೆದಿದ್ದರು.

"ಒಲೆ ಮುಂದೆ ನಿಂತ ಮುಖ ಕಣಮ್ಮ, ನಾಲ್ಕು ವರ್ಷ ಹೆಚ್ಚಿಗೇ ಕಾಣತ್ತೆ. ನನ್ನ ಹೆರಿಗೆ ನೀವೇ ಮಾಡ್ಸಿದ್ದಂತೆ. ಆ ಪುಟ ಒಂದು ಕೊಟ್ರೆ ನನ್ನ ಬದುಕು ನೆಟ್ಟಗಾಗತ್ತೆ. ಹತ್ತೇ ದಿನ ಟೈಮ್ ಕೊಟ್ಟಿದಾರೆ."

ನರ್ಸಮ್ಮ ಕಂಪ್ಯೂಟರ್ ಹಾಕಿದರು. ಅದು ಮುಕ್ಕಾಲು ಗಂಟೆ ಗುರುಗುಟ್ಟಿ, ಫೋಟೋ ತೆರೆಯಿರಿ ಎಂದರೆ ಕಣ್ಣು ಮುಚ್ಚಿ ಮಲಗಿಬಿಟ್ಟಿತು. ಮೂರು ಸಲ ಹಾಗೇ ಆಯಿತು. ಆಕೆ ಕಿಟಕಿಯಿಂದ ಕೂಗಿದರು.

ಎಕ್ಸ್‌ಪರ್ಟ್ ಮೊದಲು ನೋಡಿದ್ದು ಗೋಡೆಯ ಸ್ವಿಚ್ಚು. ಅದು ಆನ್ ಇತ್ತು. ಅವನ ವಿದ್ಯೆ ಅಲ್ಲಿಗೆ ಮುಗಿಯಿತು.

ಆದರೆ ಅವನಿಗೊಬ್ಬ ಷಡ್ಡಕನಿದ್ದ. ಹೆಂಡತಿಯ ತಂಗಿಯ ಗಂಡ. ದೂರದ ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಎಕ್ಸ್‌ಪರ್ಟ್ ಅಂಗಡಿಯ ಬಾಗಿಲು ಎಳೆದುಕೊಂಡು ಪಿಸುದನಿಯಲ್ಲಿ ಅವನಿಗೆ ಫೋನ್ ಮಾಡಿದ.

"ಅಣ್ಣ, ಹಳೇ ಮಷೀನು, ಈಗಿರೋ ಸಿಸ್ಟಮ್ ತೆಗೆದು ಲಿನಕ್ಸ್ ಅಂತ ಬೇರೆ ಸಿಸ್ಟಮ್ ಹಾಕಿದ್ರೆ ಹಗುರಾಗಿ ಓಡತ್ತೆ" ಎಂದ ಷಡ್ಡಕ. "ನಾನು ಪೆನ್‌ಡ್ರೈವ್ ಪಾರ್ಸಲ್ ಕಳಿಸ್ತೀನಿ. ಅದರಲ್ಲೇ ಒಂದು ಪುಟ್ಟ ಲಿನಕ್ಸ್ ಇರತ್ತೆ. ನೀನು ಚುಚ್ಚಿ ಆನ್ ಮಾಡು, ಪರದೆ ಮೇಲೆ ಒಂದು ನಂಬರ್ ಬರತ್ತೆ, ನನಗೆ ಹೇಳು. ನಾನು ಇಲ್ಲಿ ಕೂತೇ ಆ ಮಷೀನಿನ ಒಳಗೆ ಬಂದು ಎಲ್ಲಾ ಮಾಡ್ತೀನಿ. ಮೊದಲು ಫೋಟೋ ಎಲ್ಲಾ ನನ್ನ ಕಡೆ ಎಳ್ಕೋತೀನಿ, ಆಮೇಲೆ ಹೊಸದು ಹಾಕೋದು."

"ನೀನು ಮಾಡೋದು ಇಲ್ಲಿ ಕಾಣತ್ತಾ?"

"ಮೌಸಿನ ಬಾಣ ತಾನಾಗೇ ಓಡಾಡೋದು ಕಾಣತ್ತೆ."

"ಮಾಡ್ತಿರೋದು ನೀನು ಅಂತ ಕಾಣತ್ತಾ?"

"ಅದು ಹೇಗೆ ಕಾಣತ್ತೆ? ಅಣ್ಣ, ಒಂದೇ ಮಾತು. ನಾನು ಒಳಗೆ ಬಂದ ಮೇಲೆ ನೀನು ಏನೂ ಮುಟ್ಟಬೇಡ. ಕೀಬೋರ್ಡು, ಮೌಸು ಎರಡರ ವೈರೂ ಬಿಚ್ಚಿಡು. ಫೋನ್ ಮಾತ್ರ ಕೈಯಲ್ಲಿರ್ಲಿ."

ಕಿವಿಗೆ ಬೀಳಬೇಕಾಗಿದ್ದದ್ದು ಫೋನಿನ ಆ ಕೊನೆಯ ಮಾತು. ಬಿದ್ದದ್ದು "ಅದು ಹೇಗೆ ಕಾಣತ್ತೆ" ಎಂಬುದು. ಎಕ್ಸ್‌ಪರ್ಟ್‌ನ ಮುಖ ಅರಳಿತು. ಮನೆಗೆ ಬಂದು ಹೆಂಡತಿಗೆ ಹೇಳಿದ.

"ನಾಳಿದ್ದು ಮಧ್ಯಾಹ್ನ ನರ್ಸಮ್ಮನ ಮನೇಲಿ ಲಿನಕ್ಸ್ ಹಾಕ್ತಿದೀನಿ."

"ನೀವಾ?"

"ಹೂಂ."

"ಹೋದ ತಿಂಗಳು ನಮ್ಮನೆ ಅಲಾರಾಂ ನಿಲ್ಲಿಸೋಕೆ ಆಗದೆ ದಿಂಬಿನ ಕೆಳಗೆ ಇಟ್ಟು ಮೇಲೆ ಕೂತಿದ್ರಲ್ಲ, ನೀವೇ ತಾನೆ?"



ನಾಳಿದ್ದು ಬಂತು. ನರ್ಸಮ್ಮನ ಮುಂದಿನ ಕೋಣೆಯಲ್ಲಿ ಕುರ್ಚಿ, ಮಣೆ, ಕಿಟಕಿಯ ಕಟ್ಟೆ ಎಲ್ಲ ತುಂಬಿತ್ತು. ಅಡುಗೆಯಾಕೆ ಬಾಗಿಲ ಬಳಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಮೇಜಿನ ಪಕ್ಕದ ಕುರ್ಚಿಯಲ್ಲಿ ಮೀಟರ್ ಮಾವ. ವಿದ್ಯುತ್ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದಿ ನಿವೃತ್ತರಾದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಯಾರ ಮನೆಗೆ ಹೋದರೂ ಮೊದಲು ವೈರು ನೋಡುತ್ತಾರೆ, ಆಮೇಲೆ ಮನುಷ್ಯರನ್ನು.

ಎಕ್ಸ್‌ಪರ್ಟ್ ಎಲ್ಲರೂ ಬರುವ ಮೊದಲೇ ಬಂದು ಪೆನ್‌ಡ್ರೈವ್ ಚುಚ್ಚಿ, ನಂಬರನ್ನು ಷಡ್ಡಕನಿಗೆ ಹೇಳಿಯಾಗಿತ್ತು. ಹೇಳಿದ ಹಾಗೆ ಎರಡೂ ವೈರು ಬಿಚ್ಚಿದ. ಕೀಬೋರ್ಡನ್ನು ಮಾತ್ರ ಪಕ್ಕಕ್ಕಿಡದೆ ಮುಂದೆಯೇ ಇಟ್ಟುಕೊಂಡ. ವೈರಿನ ತುದಿಯನ್ನು ಮೇಜಿನ ಹಿಂದೆ ಇಳಿಬಿಟ್ಟ. ಫೋನನ್ನು ಸದ್ದಿಲ್ಲದಂತೆ ಮಾಡಿ ಜೇಬಿಗೆ ಹಾಕಿದ. ಎಕ್ಸ್‌ಪರ್ಟ್ ಆದವನು ಕೆಲಸದ ಮಧ್ಯೆ ಯಾರನ್ನೋ ಫೋನಿನಲ್ಲಿ ಕೇಳುವುದೆಂದರೇನು?

ಬಾಣ ಓಡಿತು. ಇವನು ಸತ್ತ ಮೌಸನ್ನು ಅದೇ ಕಡೆ ಎಳೆದ. ಕಿಟಕಿಗಳು ತೆರೆದುಕೊಂಡವು, ಮುಚ್ಚಿದವು. ಇವನ ಹತ್ತೂ ಬೆರಳು ಕೀಬೋರ್ಡಿನ ಮೇಲೆ ಕುಣಿದವು. ಬೀಗ ಬಡಿದು ಪಳಗಿದ ಕೈ, ಸದ್ದಿಗೇನೂ ಕಡಿಮೆಯಿಲ್ಲ.

"ಅಬ್ಬಾ, ಏನು ಸ್ಪೀಡಪ್ಪ!" ಅಂದಿತು ಕಿಟಕಿ ಕಟ್ಟೆ.

"ಏನು ಮಾಡ್ತಿದೀಯ ಸ್ವಲ್ಪ ಬಿಡಿಸಿ ಹೇಳೋ" ಎಂದರು ನರ್ಸಮ್ಮ.

"ಹಳೇ ಬೀಗ ಬಿಚ್ಚಿ ಹೊಸ ಬೀಗ ಹಾಕೋದಮ್ಮ. ಬಾಗಿಲು ಅದೇ ಇರತ್ತೆ."

ಎಲ್ಲರೂ ತಲೆದೂಗಿದರು. ಅಷ್ಟರಲ್ಲಿ ಬಾಣ ನಿಂತಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ. ಕೆಳಗೆ ಒಂದು ಬಟನ್ನು. ಐದು ನಿಮಿಷ ಕಳೆಯಿತು, ಹತ್ತಾಯಿತು. ಅತ್ತ ಆಗಿದ್ದು ಇಷ್ಟೇ: ಷಡ್ಡಕ ಹಿಂದುಗಡೆ ಫೋಟೋಗಳನ್ನು ತನ್ನ ಕಡೆ ಎಳೆಯಲು ಹಚ್ಚಿದ್ದ. ಅದು ಮುಗಿಯುವಷ್ಟರಲ್ಲಿ ಮುಂದಿನ ಕೆಲಸವೂ ಸಿದ್ಧವಿರಲಿ ಎಂದು ಲಿನಕ್ಸ್ ಹಾಕುವ ಪುಟ ತೆರೆದು, "ಡಿಸ್ಕ್ ಪೂರ್ತಿ ಅಳಿಸಲೇ?" ಎಂಬ ಪ್ರಶ್ನೆಯ ಮುಂದೆ ನಿಲ್ಲಿಸಿದ್ದ. ಆಗಲೇ ವಾರ್ಡಿನಿಂದ ಕರೆ ಬಂದು ಎದ್ದು ಹೋಗಿದ್ದ. ಅವಸರ ಅವನದೂ ಸ್ವಲ್ಪ ಇತ್ತೆನ್ನಿ.

ಇತ್ತ ಕೋಣೆಯಲ್ಲಿ ಆಕಳಿಕೆ ಶುರುವಾಯಿತು. ಆಕಳಿಕೆ ಕಲಾವಿದನಿಗೆ ಆಗದ ವಸ್ತು. ಎಕ್ಸ್‌ಪರ್ಟ್ ಬೆವರಿದ. ಮೀಟರ್ ಮಾವ ಅಭ್ಯಾಸಬಲದಿಂದ ಮೇಜಿನ ಹಿಂದೆ ಬಗ್ಗಿ ನೋಡಿದರು. ಎರಡು ವೈರು ನೇತಾಡುತ್ತಿವೆ!

ಆ ಮನುಷ್ಯನದು ದೊಡ್ಡ ಮನಸ್ಸು. "ವೈರೇ ಹಾಕಿಲ್ವಲ್ಲೋ" ಎಂದು ನಾಲ್ಕು ಜನರ ಮುಂದೆ ಕೂಗಿ ಕೆಲಸಗಾರನ ಮಾನ ಕಳೆಯಲಿಲ್ಲ. ಸದ್ದಿಲ್ಲದೆ ಕೈ ಇಳಿಸಿ, ಎರಡನ್ನೂ ಅದರದರ ತೂತಿಗೆ ಸಿಕ್ಕಿಸಿ, ಏನೂ ಮಾಡದವರ ಹಾಗೆ ಮೀಸೆ ತಿರುವುತ್ತಾ ಕೂತರು. ಇಷ್ಟು ಮರ್ಯಾದಸ್ಥರಾಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಎಕ್ಸ್‌ಪರ್ಟ್ ಆಕಳಿಕೆಯನ್ನು ಅಡಗಿಸಲು ಎಂಟರ್ ಎಂಬ ದೊಡ್ಡ ಕೀಲಿಯನ್ನು ಜೋರಾಗಿ ಕುಟ್ಟಿದ. ದೊಡ್ಡದು, ಸದ್ದು ಚೆನ್ನಾಗಿ ಬರುತ್ತದೆ ಎಂಬುದೊಂದೇ ಕಾರಣ. ಪರದೆ ಬದಲಾಯಿತು. ಷಡ್ಡಕ ಬಂದನೆಂದುಕೊಂಡ. ಮತ್ತೆ ಕುಟ್ಟಿದ. ಯಂತ್ರ ಪಾಪ, ಮೂರು ಸಲ ಕೇಳಿತು: ಅಳಿಸಲೇ, ಡಿಸ್ಕ್ ಬಳಕೆಯಲ್ಲಿದೆ ಆದರೂ ಬಿಡಿಸಿಕೊಳ್ಳಲೇ, ನಿಜವಾಗಿ ಅಳಿಸಿಬಿಡಲೇ? ಮನುಷ್ಯರೂ ಇಷ್ಟು ಸಲ ಕೇಳುವುದಿಲ್ಲ. ಮೂರು ಸಲವೂ ಇವನು ಕುಟ್ಟಿದ. ಒಂದು ಉದ್ದನೆಯ ಪಟ್ಟಿ ಎಡದಿಂದ ಬಲಕ್ಕೆ ನೀಲಿಯಾಗಿ ತುಂಬತೊಡಗಿತು.

"ಹಾಂ! ಈಗ ಶುರುವಾಯ್ತು ನೋಡಿ" ಎಂದು ಕುರ್ಚಿಗೆ ಒರಗಿದ.

ಕೋಣೆ ಚಪ್ಪಾಳೆ ತಟ್ಟಿತು. ಅಡುಗೆಯಾಕೆ ಕೈ ಮುಗಿದಳು.

ಜೇಬಿನಲ್ಲಿ ಫೋನು ನಡುಗಿತು. ಬಿಟ್ಟು ಮತ್ತೆ ನಡುಗಿತು. ಎಕ್ಸ್‌ಪರ್ಟ್ ಅದರ ಮೇಲೆ ಕೈ ಇಟ್ಟುಕೊಂಡ. "ಎದೆನೋವಾ?" ಎಂದು ಮೀಟರ್ ಮಾವ ಕೇಳಿದರು. "ಇಲ್ಲ, ಆಯಾಸ" ಎಂದ. ಹನ್ನೊಂದು ಸಲ ಬಂದ ಕರೆಯನ್ನು ಹೀಗೆ ಆಯಾಸದ ಲೆಕ್ಕಕ್ಕೆ ಹಾಕಿದ.

ಆಗ ಬಾಣ ಎದ್ದಿತು. ಪರದೆಯ ಮೂಲೆಯಲ್ಲಿದ್ದ ಯಂತ್ರ ಆರಿಸುವ ಗುರುತಿನ ಕಡೆ ಒಂದೇ ಓಟ. ಇಷ್ಟು ಚೆನ್ನಾಗಿ ತುಂಬುತ್ತಿರುವ ಪಟ್ಟಿಯನ್ನು ಈ ಷಡ್ಡಕ ಆರಿಸುವುದೆಂದರೇನು, ಕೈತಪ್ಪಿರಬೇಕು ಎಂದುಕೊಂಡ ಎಕ್ಸ್‌ಪರ್ಟ್ ಮೌಸನ್ನು ಹಿಂದಕ್ಕೆಳೆದ. ಬಾಣ ಹಿಂದಕ್ಕೆ ಬಂತು! ಅದು ಮೂಲೆಗೆ ಓಡಿತು, ಇವನು ಎಳೆದ. ಓಡಿತು, ಎಳೆದ. ಅವನಿಗೆ ರೋಮಾಂಚನವಾಯಿತು. ಜೀವಮಾನದಲ್ಲಿ ಮೊದಲ ಸಲ ಕಂಪ್ಯೂಟರೊಂದು ಅವನ ಮಾತು ಕೇಳುತ್ತಿದೆ. ಬಿಚ್ಚಿಟ್ಟ ಮೌಸಿನ ಮಾತನ್ನು ಅದು ಹೇಗೆ ಕೇಳುತ್ತಿದೆ ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಹೆಮ್ಮೆ ಬಂದ ಹೊತ್ತಿನಲ್ಲಿ ಯೋಚನೆ ಬರುವುದಿಲ್ಲ. ಎರಡಕ್ಕೂ ಬಾಗಿಲು ಒಂದೇ.

ಬಾಣ ಸೋತು ನಿಂತಿತು. ಪರದೆಯ ಮೇಲೆ ಬಿಳಿಯ ಹಾಳೆಯೊಂದು ತೆರೆದುಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮೂಡತೊಡಗಿತು. ದೊಡ್ಡ ದೊಡ್ಡ ಅಕ್ಷರ. ಎಕ್ಸ್‌ಪರ್ಟ್‌ನ ಎರಡೂ ಕೈ ಆಗ ಅಂಗಿಯ ಜೇಬಿನ ಮೇಲಿದ್ದವು.

"ಇದೇನೋ ಬರೀತಿದೆ? ನನ್ನ ಕನ್ನಡಕ ಎಲ್ಲಿ?" ಎಂದರು ನರ್ಸಮ್ಮ.

ಮೀಟರ್ ಮಾವ ಮುಂದೆ ಬಾಗಿದರು. ನಲವತ್ತು ವರ್ಷ ಮೀಟರಿನ ಅಂಕಿ ಕೂಗಿ ಹೇಳಿದ ಗಂಟಲು. ಒಂದೊಂದೇ ಪದವನ್ನು ಬೀದಿಗೆಲ್ಲ ಕೇಳುವಂತೆ ಓದಿದರು:

"ಅಣ್ಣ... ನಿನ್ನ... ಕೈ... ತೆಗಿ... ಏನೂ... ಗೊತ್ತಿಲ್ದೆ... ಯಾಕೆ... ಮುಟ್ಟಿದೆ... ಎಲ್ಲಾ... ಅಳಿಸಿ... ಹೋಗ್ತಿದೆ... ಪ್ಲಗ್... ಎಳಿ."



"ಕಂಪ್ಯೂಟರ್ ಬೈಯೋದು ನಾನು ಇವತ್ತೇ ನೋಡಿದ್ದು" ಅಂದಿತು ಕಿಟಕಿ ಕಟ್ಟೆ.

ಎಕ್ಸ್‌ಪರ್ಟ್ ಏಳಲಿಲ್ಲ.  ನರ್ಸಮ್ಮ, ಎಪ್ಪತ್ತೆರಡು ವರ್ಷದ ಹೆಂಗಸು, ಎರಡು ಹೆಜ್ಜೆಗೆ ಗೋಡೆ ಮುಟ್ಟಿ, ಸಾವಿರಾರು ಕೂಸುಗಳನ್ನು ಎಳೆದ ಅದೇ ಕೈಯಿಂದ ಪ್ಲಗ್ಗನ್ನು ಎಳೆದು ಹಾಕಿದರು. ಪರದೆ ಕಪ್ಪಾಯಿತು.

"ಯಾರೋ ನಿನಗೆ ಅಣ್ಣ ಅಂದಿದ್ದು?" ಎಂದು ಕೇಳಿದರು. ಬೈಯುವ ದನಿಯಲ್ಲ. ಅದೇ ಅವನಿಗೆ ತಡೆಯಲಾಗದ್ದು.

ಅವನು ಹೇಳಿದ. ಷಡ್ಡಕನಿಂದ ಹಿಡಿದು ಆರು ವರ್ಷದ ಹಿಂದಿನ ಗೋಡೆ ಸ್ವಿಚ್ಚಿನವರೆಗೆ ಎಲ್ಲವನ್ನೂ ಹೇಳಿದ. ಮೀಟರ್ ಮಾವ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾ, "ನಾನು ಒಳ್ಳೇದಕ್ಕೇ ಅಂತ ಸಿಕ್ಕಿಸಿದೆ ಕಣಯ್ಯ" ಎಂದು ಮೂರು ಸಲ ಅಂದರು.  ಅಡುಗೆಯಾಕೆ ಸೆರಗು ಸರಿಮಾಡಿಕೊಂಡು, ಮಕ್ಕಳಿಗೆ ಸಂಜೆಯ ಅಡುಗೆಗೆ ಹೊತ್ತಾಯಿತೆಂದು ಹೊರಟಳು.

ಕಂಪ್ಯೂಟರನ್ನು ಡಬ್ಬಿಯಲ್ಲಿ ಕಟ್ಟಿ ಷಡ್ಡಕನಿಗೆ ಕಳಿಸಿದರು. ಅವನು ನಾಲ್ಕು ದಿನ ಒದ್ದಾಡಿದ. ಪ್ಲಗ್ ಐದು ನಿಮಿಷ ಮೊದಲು ಎಳೆದಿದ್ದರೆ ಬಹಳಷ್ಟು ಸಿಗುತ್ತಿತ್ತು ಎಂದ. ಹನ್ನೊಂದು ಕರೆಗಳಿಗೆ ಹಿಡಿದ ಹೊತ್ತು ಸರಿಯಾಗಿ ಐದು ನಿಮಿಷ. ಅಳಿಸುವ ಮೊದಲು ಅವನ ಕಡೆಗೆ ಬಂದು ತಲುಪಿದ್ದು ಏಳು ಪುಸ್ತಕ. ಅಡುಗೆಯಾಕೆ ಹುಟ್ಟಿದ್ದು ಒಂಬತ್ತನೆಯದರಲ್ಲಿ.

ಆ ನಾಲ್ಕು ದಿನ ಎಕ್ಸ್‌ಪರ್ಟ್ ರದ್ದಿ ಅಂಗಡಿಗಳನ್ನೆಲ್ಲ ಸುತ್ತಿದ. "ಎರಡು ವರ್ಷದ ಹಿಂದಿನ ರದ್ದಿನಾ? ಅದು ಇಷ್ಟೊತ್ತಿಗೆ ಮೊಟ್ಟೆ ಇಡೋ ತಟ್ಟೆ ಆಗಿರತ್ತೆ" ಎಂದು ಒಬ್ಬ ಹೇಳಿದ. ಅವತ್ತಿನಿಂದ ಮೊಟ್ಟೆಯ ತಟ್ಟೆ ಕಂಡರೆ ಎಕ್ಸ್‌ಪರ್ಟ್ ಎತ್ತಿ ಅದರ ಕೆಳಗೆ ನೋಡುತ್ತಾನೆ.

ಒಂಬತ್ತನೆಯ ದಿನ ಎಲ್ಲರೂ ಕಚೇರಿಗೆ ಹೋದರು. ಅಧಿಕಾರಿ ಒಬ್ಬ ಹೆಂಗಸು, ಕಡತದಿಂದ ಕಣ್ಣೆತ್ತದೆ ಮಾತಾಡುವವರು.

"ನೆನಪಿನ ಮೇಲೆ ಹೇಳಿದ್ರೆ ಆಗಲ್ಲ. ತಾರೀಖು ಹೇಗೆ ಗೊತ್ತು?"

"ಅವತ್ತು ಹಳೇ ಸೇತುವೆ ಬಿದ್ದಿತ್ತು" ಎಂದರು ನರ್ಸಮ್ಮ. "ನಾನು ಸುತ್ತಿಕೊಂಡು ಹೋದೆ. ಸೇತುವೆ ಬಿದ್ದ ದಿನ ಹೊಸ ಸೇತುವೆ ಕಲ್ಲಿನ ಮೇಲೆ ಕೆತ್ತಿದೆ, ನೋಡಿ."

"ಅದನ್ನ ನೀವು ಪುಸ್ತಕದಲ್ಲಿ ಬರೆದದ್ದು ಬೇರೆ ಯಾರಾದ್ರೂ ಕಣ್ಣಾರೆ ನೋಡಿದಾರಾ?"

ಹಿಂದೆ ನಿಂತಿದ್ದ ಎಕ್ಸ್‌ಪರ್ಟ್‌ನ ಬಾಯಿಂದ ತಾನಾಗಿ ಬಂತು: "ಸೇತುವೆ ಬಿದ್ದಿತ್ತು, ಸುತ್ತಿ ಹೋದೆ. ಮಗು ಅಳಲಿಲ್ಲ, ಸೀನಿತು. ಷರಾ ಕಾಲಮ್ಮಿನಲ್ಲಿ ಹಾಗೇ ಇತ್ತು ಮೇಡಂ. ಪುಟ ಹಿಡ್ಕೊಂಡಾಗ ಓದಿ ನಕ್ಕಿದ್ದೆ."

"ಪುಟ ಹಿಡಿದಿದ್ರಿ ಅನ್ನೋದಕ್ಕೇನು ಆಧಾರ?"

ನರ್ಸಮ್ಮ ಉಳಿದ ಏಳು ಪುಸ್ತಕಗಳ ಪ್ರತಿಗಳನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ತಿರುವಿದರು. ಪ್ರತಿ ಪುಟದ ಕೆಳಗಿನ ಮೂಲೆಯಲ್ಲಿ ಕಪ್ಪು ಉಗುರಿನ ಒಂದು ಹೆಬ್ಬೆರಳು. ಮೊದಲ ಸಲ ಕಣ್ಣೆತ್ತಿದರು. ಎಕ್ಸ್‌ಪರ್ಟ್ ತನ್ನ ಹೆಬ್ಬೆರಳನ್ನು ಅದರ ಪಕ್ಕ ಇಟ್ಟ. ಗುಮಾಸ್ತರು ಎದ್ದು ಬಂದು ನೋಡಿದರು. ಅಷ್ಟು ಹೊತ್ತು ಒಂದು ಬೆರಳನ್ನು ಇಷ್ಟು ಜನ ನೋಡಿದ್ದು ಆ ಕಚೇರಿಯಲ್ಲಿ ಅದೇ ಮೊದಲಿರಬೇಕು.

"ಸರಿ. ಉಳಿದ ಪುಸ್ತಕ ಹೇಗೆ ನಾಶ ಆದ್ವು, ಬರೆದು ಕೊಡಿ. ಪ್ರಮಾಣ ಮಾಡಿ ಸಹಿ ಹಾಕ್ಬೇಕು."

ಎಕ್ಸ್‌ಪರ್ಟ್ ಬರೆದ: 'ತಾಂತ್ರಿಕ ಕಾರಣಗಳಿಂದ.'

"ಯಾರ ಕಾರಣದಿಂದ?" ಅಧಿಕಾರಿ ಗೆರೆ ಎಳೆದು ವಾಪಸು ಕೊಟ್ಟರು.

'ನೆರೆಯವರು ವೈರು ಸಿಕ್ಕಿಸಿದ ಕಾರಣ' ಎಂದು ಬರೆದ.

"ಅಯ್ಯೋ, ನನ್ನ ಪಿಂಚಣಿಗೆ ಕಲ್ಲು ಹಾಕ್ತೀಯೇನೋ!" ಎಂದು ಮೀಟರ್ ಮಾವ ಕಾಗದ ಕಿತ್ತುಕೊಂಡರು.

ಎಕ್ಸ್‌ಪರ್ಟ್ ಬಾಗಿಲ ಬಳಿ ನಿಂತಿದ್ದ ಅಡುಗೆಯಾಕೆಯನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದಳು. ಮೂರನೆಯ ಹಾಳೆಯಲ್ಲಿ ಬರೆದ. ಕಾನೂನಿನ ಪ್ರಕಾರ ಜೋರಾಗಿ ಓದಬೇಕಂತೆ. ಸಾಲಿನಲ್ಲಿ ನಿಂತಿದ್ದ ಮೂವತ್ತು ಜನರ ಮುಂದೆ ಓದಿದ:

"ನನಗೆ ಕಂಪ್ಯೂಟರ್ ಬರುವುದಿಲ್ಲ. ಬರುತ್ತದೆ ಎಂದು ಆರು ವರ್ಷದಿಂದ ಎಲ್ಲರನ್ನೂ ನಂಬಿಸಿದ್ದೇನೆ. ಕಾಗದದ ಪುಸ್ತಕಗಳನ್ನು ರದ್ದಿಗೆ ಹಾಕಿಸಿದವನು ನಾನು. ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದವನೂ ನಾನು."

ಅಧಿಕಾರಿ ಮುದ್ರೆ ಒತ್ತಿದರು. "ಇಷ್ಟು ಸ್ಪಷ್ಟವಾದ ಹೇಳಿಕೆ ನಾನು ಸರ್ವೀಸಿನಲ್ಲೇ ನೋಡಿಲ್ಲ" ಎಂದರು. ಅಡುಗೆಯಾಕೆಗೆ ಮೂವತ್ತೊಂಬತ್ತು ವರ್ಷ ಎಂದು ತೀರ್ಮಾನವಾಯಿತು. ಮೆಟ್ಟಿಲಿಳಿಯುವಾಗ ಅವಳು ಎಕ್ಸ್‌ಪರ್ಟ್ ಹತ್ತಿರ ಬಂದು, "ಅಣ್ಣ, ಸೀನಿದ್ದು ನಿಜಾನಾ?" ಎಂದು ಕೇಳಿದಳು. "ನಿಜ ತಾಯಿ" ಎಂದ. ಆ ಪುಟವನ್ನು ಅವಳಿಗೆ ತೋರಿಸಲು ಆಗುವುದಿಲ್ಲವಲ್ಲ ಎಂದುಕೊಂಡ.

ಅವಳದೊಂದು ದಡ ಸೇರಿತು. ಉಳಿದ ಇಪ್ಪತ್ತೇಳು ಪುಸ್ತಕದವರಿಗೆ ಸೇತುವೆ ಬಿದ್ದಿರಲಿಲ್ಲ. ಈಗಲೂ ಯಾರಾದರೂ ಬಂದು "ನಾನು ಎಷ್ಟು ಹೊತ್ತಿಗೆ ಹುಟ್ಟಿದ್ದಮ್ಮ?" ಎಂದು ಕೇಳುತ್ತಾರೆ. ನರ್ಸಮ್ಮ "ಯಾವ ವರ್ಷ?" ಎಂದು ಕೇಳಿ, ಉತ್ತರ ಬಂದ ಮೇಲೆ ಕಾಫಿ ಕೊಟ್ಟು ಕಳಿಸುತ್ತಾರೆ.

ಎಕ್ಸ್‌ಪರ್ಟ್ ಒಂದು ದಪ್ಪ ಪುಸ್ತಕ ಕೊಂಡು, ಕಾಲಮ್ಮು ಗೀಚಿ, ಸಂಜೆ ಅಂಗಡಿ ಮುಚ್ಚಿದ ಮೇಲೆ ನರ್ಸಮ್ಮನ ಎದುರು ಕೂರುತ್ತಾನೆ. ಆಕೆಗೆ ನೆನಪಿದ್ದಷ್ಟು ಹೇಳುತ್ತಾರೆ, ಇವನು ಬರೆಯುತ್ತಾನೆ. ಕೆಲವು ದಿನ ನಾಲ್ಕು ಸಾಲು, ಕೆಲವು ದಿನ ಒಂದೂ ಇಲ್ಲ. ಎಡಗೈ ಹೆಬ್ಬೆರಳು ಮಾತ್ರ ಪುಟದ ಮೂಲೆಯಲ್ಲೇ ಇರುತ್ತದೆ.

ಮೊನ್ನೆ ಅವನೇ ಕೇಳಿದ: "ನಮ್ಮ ಮಗಳದ್ದು ನೆನಪಿದೆಯಾ ಅಮ್ಮ?"

"ವರ್ಷ ಗೊತ್ತು. ಹೊತ್ತು ಮರೆತೆ ಕಣೋ. ನಿನ್ನ ಹೆಂಡತೀನ ಕೇಳು. ಹೆತ್ತವರು ಮರೆಯಲ್ಲ."

ಅವನು ಪುಸ್ತಕ ಹಿಡಿದೇ ಮನೆಗೆ ಬಂದು ಕೇಳಿದ. ಹೆಂಡತಿ ಪಾತ್ರೆ ಒರೆಸುತ್ತಾ, ತಿರುಗಿ ಕೂಡ ನೋಡದೆ ಹೇಳಿದಳು:

"ಬೆಳಿಗ್ಗೆ ಆರೂ ಹತ್ತು. ನೀವು ಬಾಗಿಲಾಚೆ ನಿಂತ್ಕೊಂಡು, ಹೆರಿಗೆ ಹೇಗೆ ಮಾಡಿಸ್ಬೇಕು ಅಂತ ನರ್ಸಮ್ಮನಿಗೆ ಕೂಗಿ ಕೂಗಿ ಹೇಳಿಕೊಡ್ತಾ ಇದ್ರಿ. ಅವರು ಎದ್ದು ಹೋಗಿ ಒಳಗಿಂದ ಚಿಲಕ ಹಾಕ್ಕೊಂಡ್ರು. ಆಮೇಲೆ ಸುಸೂತ್ರ ಆಯ್ತು."

ಎಕ್ಸ್‌ಪರ್ಟ್ ಪುಸ್ತಕ ಬಿಡಿಸಿ ಪುಟದ ಮೂಲೆಯ ಮೇಲೆ ಹೆಬ್ಬೆರಳು ಊರಿದ. ಆಮೇಲೆ ಪೆನ್ನು ತೆಗೆದು, ಹೊತ್ತಿನ ಕಾಲಮ್ಮಿನಲ್ಲಿ ಆರೂ ಹತ್ತು ಎಂದು ಬರೆದ. ಷರಾ ಕಾಲಮ್ಮಿನಲ್ಲಿ, ತನ್ನ ಕೈಯಾರೆ, ದುಂಡಗೆ ಬರೆದ: 'ತಂದೆಗೆ ಏನೂ ಗೊತ್ತಿರಲಿಲ್ಲ. ಚಿಲಕ ಹಾಕಿಕೊಳ್ಳಲಾಯಿತು.'